ಗೋಮಾಳದ ಜಾಲಿಗೆ ಹತ್ತಿದ್ದು ರೋಗವಲ್ಲ

ಪ್ರಶ್ನೆ: ನಮ್ಮೂರು ಮಧುಗಿರಿ ತಾಲ್ಲೂಕಿನಲ್ಲಿದೆ. ಊರ ಹಿಂದೆ ಗೋಮಾಳ, ಅದರಂಚಿಗೆ ಕುರುಚಲು ಕಾಡು. ಅಲ್ಲಿನ ಬಿಳಿಜಾಲಿ, ತುಗ್ಗಲಿ ಮರಗಳ ಮೈಮೇಲೆ ಬೂದು, ಹಸಿರು, ಅಲ್ಲಲ್ಲಿ ಕಿತ್ತಳೆ ಬಣ್ಣದ ಕಲೆಗಳಿವೆ. ಎರಡು ಮೂರು ವರ್ಷಗಳಿಂದ ಹೆಚ್ಚಾದಂತೆ ಕಾಣುತ್ತದೆ, ಕೆಲವು ಮರಗಳು ಒಣಗುತ್ತಲೂ ಇವೆ. ಪಕ್ಕದ ನೀಲಗಿರಿ ತೋಪಿನಲ್ಲಿ ಮಾತ್ರ ಒಂದು ಕಲೆಯೂ ಇಲ್ಲ. ಹುಲ್ಲಿನ ನಡುವಿನ ನೆಲವೂ ಕರ್ರಗೆ ಹಕ್ಕಳೆಗಟ್ಟಿದೆ. ಮರವನ್ನು ಕೆರೆದು ಮೈಲುತುತ್ತ ಬಳಿಯಿರಿ ಎನ್ನುತ್ತಾರೆ ಕೆಲವರು. ನೆಲ ಬರಡಾಗಿದೆ, ಉತ್ತು ಸಸಿ ನೆಡೋಣ ಎನ್ನುತ್ತಾರೆ ಇನ್ನು ಕೆಲವರು. ಇದು ಸಾಂಬಾರ ಪದಾರ್ಥದ ಕಲ್ಲುಹೂವೇ, ಕೆರೆದು ಮಾರಬಹುದು ಎಂದೂ ಒಬ್ಬರು ಹೇಳಿದರು. ಏನು ಮಾಡಬೇಕು?

ಉತ್ತರ: ಕೆರೆಯಬೇಡಿ, ಬಳಿಯಬೇಡಿ, ಉಳಬೇಡಿ. ಕಾರಣ ಹೇಳುವ ಮುಂಚೆ ನಿಮಗೊಂದು ಕೆಲಸ. ನಾಳೆ ಬಿಸಿಲೇರಿದ ಮೇಲೆ ಒಂದು ಲೋಟ ನೀರು ಹಿಡಿದು ಗೋಮಾಳಕ್ಕೆ ಹೋಗಿ, ಬಿಳಿಜಾಲಿಯ ಮೇಲಿನ ಬೂದು ಕಲೆಯೊಂದಕ್ಕೆ ಎರಚಿ. ಒಂದೆರಡು ನಿಮಿಷ ಅಲ್ಲೇ ನಿಲ್ಲಿ. ಬೂದು ಬಣ್ಣ ಹಿಂದೆ ಸರಿದು ಒಳಗಿನಿಂದ ಹಸಿರು ಮೇಲೇಳುತ್ತದೆ. ಹಾಗೆ ಎದ್ದರೆ ಅದು ಲೈಕೆನ್. ಒಣಗಿದಾಗ ಅದರ ಮೇಲ್ಪದರ ಸುಣ್ಣ ಬಳಿದ ಗೋಡೆಯಂತೆ ಬೆಳಕನ್ನು ತಡೆಯುತ್ತದೆ, ನೆನೆದಾಗ ಗಾಜಿನಂತಾಗಿ ಕೆಳಗಿರುವ ಪಾಚಿಯನ್ನು ತೋರಿಸುತ್ತದೆ. ಮರದ ರೋಗ ಯಾವುದೂ ನೀರು ಕಂಡ ಕೂಡಲೇ ಹೀಗೆ ನಗುವುದಿಲ್ಲ.

ಲೈಕೆನ್ ಒಂದು ಜೀವಿಯಲ್ಲ, ಒಂದು ಕರಾರು. ಹೊರಗಿನ ದೇಹ ಶಿಲೀಂಧ್ರದ್ದು, ಒಳಗೆ ಬೀಡುಬಿಟ್ಟಿರುವುದು ಪಾಚಿ ಅಥವಾ ಪಾಚಿಯಂತೆಯೇ ಬಿಸಿಲಿನಲ್ಲಿ ಊಟ ಮಾಡಿಕೊಳ್ಳುವ ಸಯಾನೊಬ್ಯಾಕ್ಟೀರಿಯಾ. ನಮ್ಮ ಕಡೆ ಹೊಲವನ್ನು ಪಾಲಿಗೆ, ವಾರಕ್ಕೆ ಕೊಡುವುದಿಲ್ಲವೇ, ಹಾಗೆ. ಜಾಗ, ನೆರಳು, ತೇವ ಶಿಲೀಂಧ್ರದ್ದು; ಬಿಸಿಲಿನಲ್ಲಿ ದುಡಿದು ಸಕ್ಕರೆ ಮಾಡುವುದು ಪಾಚಿಯ ಪಾಲು. ಸೈಮನ್ ಶ್ವೆಂಡೆನರ್ ಎಂಬ ಸ್ವಿಸ್ ಸಸ್ಯವಿಜ್ಞಾನಿ 1860ರ ದಶಕದಲ್ಲಿ ಈ ಜೋಡಿ ಬದುಕಿನ ಮಾತೆತ್ತಿದಾಗ ಅಂದಿನ ದೊಡ್ಡ ಲೈಕೆನ್ ಪಂಡಿತರೇ ಅವನನ್ನು ಗೇಲಿ ಮಾಡಿದರು. ಮರದ ಮಟ್ಟಿಗೆ ಇದರ ಅರ್ಥ ಇಷ್ಟೇ: ಲೈಕೆನ್ ತನ್ನ ಊಟವನ್ನು ತಾನೇ ಮಾಡಿಕೊಳ್ಳುತ್ತದೆ. ಅದಕ್ಕೆ ಬೇರಿಲ್ಲ. ತೊಗಟೆಗೆ ಅಂಟಿಕೊಳ್ಳಲು ಕೂದಲಿನಂಥ ಎಳೆಗಳಿವೆ, ಅವು ಸತ್ತ ಹೊರತೊಗಟೆಯನ್ನು ದಾಟಿ ರಸ ಹರಿಯುವ ಪದರಕ್ಕೆ ಇಳಿಯುವುದಿಲ್ಲ. ಮರದ ರಸ ಹೀರುವವರನ್ನು ನೋಡಬೇಕೆಂದಿದ್ದರೆ ತಲೆಯೆತ್ತಿ ಕೊಂಬೆಗಳಲ್ಲಿ ಬದನಿಕೆಯನ್ನು ಹುಡುಕಿ. ಬೇರೆಯದೇ ಎಲೆ ಬಿಟ್ಟು, ಕೊಂಬೆಯೊಳಕ್ಕೆ ಬೇರು ತೂರಿಸಿ ಕುಳಿತಿರುತ್ತದೆ. ಕತ್ತಿ ಹಿಡಿಯುವುದಾದರೆ ಅದರ ಮೇಲೆ ಹಿಡಿಯಿರಿ.

ಹಾಗಿದ್ದರೆ ಒಣಗುತ್ತಿರುವ ಮರಗಳ ಮೇಲೇ ಇವು ಹೆಚ್ಚಾಗಿ ಕಾಣುವುದೇಕೆ? ನೀವು ನೋಡಿದ್ದು ಸರಿ, ಹೊಂದಿಸಿದ ಕ್ರಮ ಮಾತ್ರ ತಿರುವುಮುರುವು. ಬೇರು ಕೊಳೆತೋ ಕಾಂಡಕೊರಕ ಹೊಕ್ಕೋ ನೀರು ಸಾಲದೆಯೋ ಮರ ಸೊರಗಿದಾಗ ಎಲೆ ಉದುರಿ ಕಾಂಡದ ಮೇಲೆ ಬೆಳಕು ಬೀಳುತ್ತದೆ. ಬೆಳವಣಿಗೆ ನಿಂತ ಮರದ ತೊಗಟೆ ಬಿರಿಯುವುದೂ ಉದುರುವುದೂ ಕಡಿಮೆ. ಬೆಳಕು ಮತ್ತು ಅಲುಗಾಡದ ನೆಲೆ ಸಿಕ್ಕರೆ ಲೈಕೆನ್‌ಗೆ ಬೇರೇನೂ ಬೇಡ. ಸಾವಿನ ಮನೆಗೆ ಬಂದ ನೆಂಟರನ್ನು ಕೊಲೆಗಾರರೆಂದು ಹಿಡಿದಂತಾಗುತ್ತದೆ ಕೆರೆಯಲು ಹೊರಟರೆ. ಮೈಲುತುತ್ತ ಬಳಿದರೆ ಲೈಕೆನ್ ಸಾಯುವುದು ನಿಜ. ತಾಮ್ರ ಶಿಲೀಂಧ್ರಕ್ಕೂ ಪಾಚಿಗೂ ವಿಷ, ಬೋರ್ಡೋ ದ್ರಾವಣದ ಗುಟ್ಟೇ ಅದು. ಮರ ಮಾತ್ರ ಒಣಗುವುದನ್ನು ನಿಲ್ಲಿಸುವುದಿಲ್ಲ.

ಎರಡು ಮೂರು ವರ್ಷದಲ್ಲಿ ಹೆಚ್ಚಾಗಿವೆ ಎಂಬ ಮಾತನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದಿದೆ. ತೊಗಟೆಗೆ ಬಣ್ಣ ಬಳಿದಂತೆ ಅಂಟಿರುವ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಹಿಗ್ಗಿದರೆ ಹೆಚ್ಚು. ಎಲೆಯಂತೆ ಅಂಚು ಎದ್ದಿರುವವು ಕೆಲವು ಮಿಲಿಮೀಟರ್ ಬೆಳೆಯುತ್ತವೆ. ಅಂಗೈಯಗಲದ ಕಲೆಯೊಂದು ನಿಮ್ಮ ಮರದ ಮೇಲಿದ್ದರೆ ಅದು ಮೊನ್ನೆ ಮೊನ್ನೆ ಬಂದದ್ದಲ್ಲ, ಹತ್ತಾರು ವರ್ಷಗಳ ಬಾಡಿಗೆದಾರ. ನೆನೆದ ದಿನ ಎದ್ದು ಕಾಣುತ್ತದೆ, ಒಣಗಿದ ದಿನ ತೊಗಟೆಯೊಂದಿಗೆ ಬೆರೆತುಹೋಗುತ್ತದೆ. ಕೊಂಬೆ ಕಡಿದ ಮೇಲೆ, ಎಲೆ ಉದುರಿದ ಮೇಲೆ ಕಣ್ಣಿಗೆ ಬೀಳುತ್ತದೆ.

ನೀಲಗಿರಿಯ ಪ್ರಶ್ನೆಗೆ ಉತ್ತರ ಆ ತೋಪಿನ ನೆಲದ ಮೇಲೇ ಬಿದ್ದಿದೆ. ಸುರುಳಿ ಸುರುಳಿಯಾಗಿ ಕಳಚಿಬಿದ್ದ ತೊಗಟೆಯನ್ನು ನೋಡಿರುತ್ತೀರಿ. ನಮ್ಮಲ್ಲಿ ನೆಟ್ಟಿರುವ ನೀಲಗಿರಿ ಹೊರತೊಗಟೆಯನ್ನು ಮತ್ತೆ ಮತ್ತೆ ಕಳಚುವ ಜಾತಿ. ಮಿಲಿಮೀಟರ್ ಲೆಕ್ಕದಲ್ಲಿ ಬೆಳೆಯುವ ಲೈಕೆನ್ ಕಾಲೂರುವ ಮೊದಲೇ ಮನೆಯ ಗೋಡೆಯೇ ಕುಸಿಯುತ್ತದೆ. ಆ ಮರ ಆರೋಗ್ಯವಾಗಿದೆ ಎಂದಲ್ಲ, ಅದರ ಮೈ ನಿಲ್ಲುವುದಿಲ್ಲ ಎಂದಷ್ಟೇ.

ಬಯಲುಸೀಮೆಯ ಕುರುಚಲು ಕಾಡಿನ ಒಂದೊಂದು ಮರದ ಮೇಲೂ ಬೇರೆ ಬೇರೆ ಲೈಕೆನ್ ಸಂಸಾರ ಇರುವುದು ಇದೇ ಕಾರಣಕ್ಕೆ. ಕರಿಮತ್ತಿಯ ಮೊಸಳೆಚರ್ಮದಂಥ ತೊಗಟೆಯ ಏಣುಗಳ ಮೇಲೆ ಬಿಸಿಲು ತಾಳುವವು, ಸೀಳುಗಳೊಳಗೆ ನೆರಳು ಬೇಡುವವು. ದಿಂಡಿಗದ ನುಣುಪು ತೊಗಟೆ ತೆಳ್ಳನೆಯ ಹಪ್ಪಳದಂತೆ ಎದ್ದುಬರುತ್ತದೆ, ಅದರ ಮೇಲೆ ತೆಳುವಾಗಿ ಹರಡುವ ಜಾತಿಗಳೇ ಹೆಚ್ಚು. ಕಲ್ಪತರು ನಾಡಿನವರಾದ ನಿಮಗೆ ತೆಂಗು, ಅಡಿಕೆಯ ಕಾಂಡದ ಮೇಲಿನ ಬಿಳಿ ಮಚ್ಚೆಗಳ ಪರಿಚಯ ಇದ್ದೇ ಇದೆ. ಅವೂ ಲೈಕೆನ್‌ಗಳೇ. ಭೂತಗನ್ನಡಿ ಹಿಡಿದರೆ ಕೆಲವು ಮಚ್ಚೆಗಳ ಮೇಲೆ ಹಳೆಯ ಶಾನುಭೋಗರ ಮೋಡಿ ಅಕ್ಷರದಂಥ ಕಪ್ಪು ಗೀಚುಗಳು ಕಾಣುತ್ತವೆ. ಗ್ರಾಫಿಸ್ ಎಂಬ ಕುಲ ಅದು, ಹೆಸರಿನ ಅರ್ಥವೇ ಬರಹ. ಗೀಚು ಎಂದರೆ ಬೇರೇನಲ್ಲ, ಬೀಜಕಣ ಹೊರಬೀಳುವ ಸೀಳುಬಾಯಿ. ಮಲೆನಾಡಿನ ತೋಟದಲ್ಲಿ ಇವು ತುಂಬಿರುತ್ತವೆ, ನಿಮ್ಮ ಕಡೆ ತೋಟದ ಒಳನೆರಳಿನಲ್ಲಿ ಮಾತ್ರ ಸಿಗುತ್ತವೆ.

ಗೋಮಾಳದಲ್ಲಿ ನೀವು ಕಂಡ ಬೂದುಬಣ್ಣದ್ದು ಬಹುಪಾಲು ಪಿಕ್ಸಿನ್, ಡಿರಿನೇರಿಯಾ ಕುಲದ್ದಿರಬೇಕು. ಭಾರತದ ಬಯಲಿನ ಗಟ್ಟಿಗರು ಇವು. ಧೂಳು, ಬಿಸಿಲು, ಕೊಟ್ಟಿಗೆಯ ಅಮೋನಿಯಾ ಯಾವುದಕ್ಕೂ ಜಗ್ಗುವುದಿಲ್ಲ. ಪಿಕ್ಸಿನ್ ಕೊಕೋಯಿಸ್ ಎಂಬ ಜಾತಿಯನ್ನು ನಮ್ಮ ನಗರಗಳ ಹೊಗೆ ಅಳೆಯಲು ವಿಜ್ಞಾನಿಗಳು ಬಳಸುವುದೂ ಅದಕ್ಕೇ: ಬೇರೆ ಲೈಕೆನ್‌ಗಳು ಕಾಲ್ತೆಗೆದ ಮೇಲೂ ಇದು ಉಳಿದಿರುತ್ತದೆ, ಗಾಳಿಯ ಸೀಸ, ಸತುವುಗಳನ್ನು ಮೈಯಲ್ಲಿ ಸೇರಿಸಿಕೊಂಡಿರುತ್ತದೆ. ಲಾಲ್‌ಬಾಗ್ ಸೇರಿದಂತೆ ಬೆಂಗಳೂರಿನ ಲೈಕೆನ್‌ಗಳಲ್ಲಿ ಹೀಗೆ ಭಾರಲೋಹಗಳನ್ನು ಅಳೆದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಲೈಕೆನ್ ನೋಡಿ ನಗರದ ಗಾಳಿಯ ಗುಣವನ್ನು ಹೇಳಬಹುದೆಂದು ವಿಲಿಯಂ ನೈಲಾಂಡರ್ ಬರೆದದ್ದು 1866ರಷ್ಟು ಹಿಂದೆ. ಶ್ವೆಂಡೆನರ್‌ನನ್ನು ಒಪ್ಪದ ಪಂಡಿತರಲ್ಲಿ ಇವನೂ ಒಬ್ಬ. ಒಂದು ವಿಷಯದಲ್ಲಿ ಕಣ್ಣು ಚುರುಕಿದ್ದವನು ಇನ್ನೊಂದರಲ್ಲಿ ಹಟಮಾರಿ. ಇರಲಿ. ಕಿತ್ತಳೆ ಬಣ್ಣದ ಕಲೆಗಳು ಜಲ್ಲಿ ಕ್ರಷರ್ ಕಡೆಗೋ ಮಣ್ಣುರಸ್ತೆಯ ಕಡೆಗೋ ಇರುವ ಮರಗಳಲ್ಲಿ ಹೆಚ್ಚಿವೆಯೇ ನೋಡಿ. ಕ್ಷಾರ ಧೂಳು ಬಿದ್ದ ತೊಗಟೆ ಕಿತ್ತಳೆ ಬಣ್ಣದ ಹಲವು ಜಾತಿಗಳಿಗೆ ಬಹಳ ಇಷ್ಟ.

ಇನ್ನೊಂದನ್ನೂ ಗಮನಿಸಿ. ಕಾಂಡದ ಬುಡದಿಂದ ಮೊಣಕಾಲಿನವರೆಗೆ ಸುತ್ತಲೂ ಬೋಳಾಗಿ, ಅದರ ಮೇಲೆ ಇದ್ದಕ್ಕಿದ್ದಂತೆ ಲೈಕೆನ್ ಶುರುವಾಗಿದ್ದರೆ ಅಲ್ಲಿ ಹುಲ್ಲಿನ ಬೆಂಕಿ ಹಾದುಹೋಗಿದೆ. ಒಂದೇ ಮಗ್ಗುಲು ಬೋಳಾಗಿ ನುಣುಪಾಗಿದ್ದರೆ ದನ ಮೈ ತಿಕ್ಕಿದ ಜಾಗ. ಊರಿನವರು ಬೆಂಕಿಯೇ ಬಿದ್ದಿಲ್ಲ ಎಂದು ಎಷ್ಟೇ ಆಣೆ ಮಾಡಲಿ, ನಾನು ಮರವನ್ನೇ ನಂಬುತ್ತೇನೆ.

ಈಗ ನೆಲಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನ ನಿದ್ದೆಗೆಡಿಸಿದ್ದು ಮರವಲ್ಲ, ಆ ಕಪ್ಪು ಹಕ್ಕಳೆ ಮತ್ತು ಅದನ್ನು ಉಳುವ ಮಾತು.

ಗೋಮಾಳದಲ್ಲಿ ಬಂಡೆ ಇದ್ದೇ ಇರುತ್ತದೆ. ಆ ಬಂಡೆಯ ಮೇಲಿಂದ ಹುಲ್ಲಿನ ಕಡೆಗೆ ನಡೆದು ಬನ್ನಿ. ಬರಿಯ ಕಲ್ಲಿನ ಮೇಲೆ ಮೊದಲು ಸಿಗುವುದು ಲೈಕೆನ್. ನೀರು ಹರಿದಿಳಿಯುವ ದಾರಿಗಳಲ್ಲಿ ಕಪ್ಪು, ಉಳಿದೆಡೆ ಬೂದು-ಹಸಿರು. ಮಧುಗಿರಿಯ ಏಕಶಿಲಾ ಬೆಟ್ಟದ ಮೈಮೇಲೆ ಮೇಲಿನಿಂದ ಮಸಿ ಸುರಿದಂತೆ ಇಳಿದಿರುವ ಪಟ್ಟೆಗಳನ್ನು ಬಸ್ಸಿನಿಂದಲೇ ಕಾಣಬಹುದು. ಅವು ಸಯಾನೊಬ್ಯಾಕ್ಟೀರಿಯಾ ಮತ್ತು ಅದನ್ನು ಜೊತೆಗಿಟ್ಟುಕೊಂಡ ಪೆಲ್ಟುಲದಂಥ ಲೈಕೆನ್‌ಗಳು. ಈ ಹಂಚಿಕೆಗೆ ಕಾರಣ ಚೆಂದದ್ದು: ಹಸಿರು ಪಾಚಿಯ ಲೈಕೆನ್‌ಗೆ ಮುಂಜಾನೆಯ ತೇವದ ಗಾಳಿ, ಇಬ್ಬನಿ ತಾಗಿದರೂ ಸಾಕು, ಒಂದೆರಡು ಗಂಟೆ ದುಡಿದು ಬಿಸಿಲೇರಿದಾಗ ಮಲಗಿಬಿಡುತ್ತದೆ. ಸಯಾನೊಬ್ಯಾಕ್ಟೀರಿಯಾದ್ದಕ್ಕೆ ಹನಿ ನೀರೇ ಬೇಕು, ಆವಿ ಸಾಲದು. ಅದಕ್ಕೇ ಅವು ನೀರಿನ ಹಾದಿಯಲ್ಲಿ ಕಾದು ಕೂರುತ್ತವೆ.

ಬಂಡೆಯ ತಗ್ಗುಗಳಲ್ಲಿ ಬೆರಳು ದಪ್ಪ ಮಣ್ಣು ನಿಂತ ಕಡೆ ಹಾವಸೆ, ಮಯೂರಶಿಖೆಯ ಜರೀಗಿಡ, ಒಣಗಿ ಸತ್ತಂತಿದ್ದು ಮಳೆಗೆ ಮತ್ತೆ ಹಸಿರಾಗುವ ಟ್ರೈಪೋಗನ್ ಹುಲ್ಲು. ಅದರಾಚೆ ಜಿನುಗು ನೀರಿನ ಮರಳುನೆಲದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಕೆಂಪು ಗುಂಡಿಯಷ್ಟಗಲದ ಡ್ರೊಸೆರಾ ಗಿಡಗಳನ್ನು ಹುಡುಕಿ, ಕೀಟ ಹಿಡಿದು ತಿನ್ನುವ ಸಸ್ಯ. ಸಾರವಿಲ್ಲದ ನೆಲವೇ ಅದಕ್ಕೆ ಬೇಕು, ಗೊಬ್ಬರ ಬಿದ್ದರೆ ಹುಲ್ಲು ಅದನ್ನು ಮುಚ್ಚಿಹಾಕುತ್ತದೆ. ಮಣ್ಣು ಗೇಣುದ್ದ ಆದ ಮೇಲೆ ಹಂಚಿಕಡ್ಡಿ, ಪಂಚೆಗೆ ಸೂಜಿಯಂತೆ ಚುಚ್ಚಿಕೊಳ್ಳುವ ಹೆಟಿರೊಪೋಗನ್ ಹುಲ್ಲುಗಳ ಗುಪ್ಪೆಗಳು. ಇನ್ನೂ ಆಳವಾದರೆ ಬಂದರಿಕೆ, ತುಗ್ಗಲಿ, ಕಗ್ಗಲಿ, ಜಾಲಿ. ನಿಮ್ಮ ಕಪ್ಪು ಹಕ್ಕಳೆ ಇರುವುದು ಹುಲ್ಲಿನ ಗುಪ್ಪೆಗಳ ನಡುವೆ, ಹುಲ್ಲೂ ಹಿಡಿಯದಷ್ಟು ಬಡವಾದ ಕೆಮ್ಮಣ್ಣಿನ ಮೇಲೆ.

ಅದರ ಉಗುರಗಲದ ಚೂರೊಂದನ್ನು ಚಾಕುವಿನ ಮೊನೆಯಿಂದ ಎತ್ತಿ ಬೆಳಕಿಗೆ ಹಿಡಿಯಿರಿ. ಅಡಿಯಿಂದ ಕೂದಲೆಳೆಗಳು ಜೋತಾಡುತ್ತಿದ್ದು ಅವಕ್ಕೆ ಮರಳಿನ ಕಣಗಳು ಅಂಟಿಕೊಂಡಿದ್ದರೆ ಅದು ಜೀವಂತ ಹಕ್ಕಳೆ. ಸಯಾನೊಬ್ಯಾಕ್ಟೀರಿಯಾದ ಎಳೆಗಳು ಅಂಟು ಸೂಸುತ್ತ ಮಣ್ಣನ್ನು ಹೊಲಿದಿರುತ್ತವೆ, ಅದರ ಮೇಲೆ ಎಂಡೊಕಾರ್ಪನ್‌ನಂಥ ಪುಟ್ಟ ಕಂದು ಬಿಲ್ಲೆಗಳ ಲೈಕೆನ್ ಕೂತಿರುತ್ತದೆ. ಮಳೆ ಬಂದ ಮರುದಿನ ಕಾಲಿಗೆ ಜಾರುವ ಆಲಿವ್ ಬಣ್ಣದ ಲೋಳೆಯುಂಡೆಗಳೂ ಇದೇ ಬಳಗ, ನಾಸ್ಟಾಕ್. ಎಳೆಗಳಿಲ್ಲದೆ ಬಿಲ್ಲೆ ಬಿಲ್ಲೆಯಾಗಿ ಮುರಿಯುವ, ತಿಳಿಬಣ್ಣದ ನುಣುಪು ಪದರವಾದರೆ ಅದು ಮಳೆಹನಿ ಹೊಡೆದು ಹೆಪ್ಪುಗಟ್ಟಿದ ಬರಿಯ ಮಣ್ಣು. ನಿಜವಾಗಿ ಬರಡು ಎನ್ನಬೇಕಾದದ್ದು ಅದನ್ನು. ಎರಡನ್ನೂ ಒಂದೇ ಎಂದುಕೊಂಡು ನೇಗಿಲು ಹೂಡುವುದನ್ನು ನಾನು ಹಲವೆಡೆ ಕಂಡಿದ್ದೇನೆ.

ಜೀವಂತ ಹಕ್ಕಳೆ ಮಾಡುವ ಕೆಲಸ ಮೂರು ಬಗೆಯದು. ಗಾಳಿ ಮತ್ತು ಮಳೆ ಮಣ್ಣನ್ನು ಹೊತ್ತೊಯ್ಯದಂತೆ ಹಿಡಿಯುತ್ತದೆ. ಗಾಳಿಯ ಸಾರಜನಕವನ್ನು ನೆಲಕ್ಕಿಳಿಸುತ್ತದೆ. ಯಾರೂ ಯೂರಿಯಾ ಹಾಕದ ಗೋಮಾಳದಲ್ಲಿ ಇದು ಸಣ್ಣ ವಿಷಯವಲ್ಲ. ಮೂರನೆಯದನ್ನು ಜನ ದೋಷವೆಂದು ಎಣಿಸುತ್ತಾರೆ: ಅದರ ಮೇಲೆ ಬಿದ್ದ ನೀರೆಲ್ಲ ಅಲ್ಲೇ ಇಂಗುವುದಿಲ್ಲ, ಸ್ವಲ್ಪ ಹರಿದು ಪಕ್ಕದ ಹುಲ್ಲಿನ ಗುಪ್ಪೆಯ ಬುಡಕ್ಕೆ ಸೇರುತ್ತದೆ. ಮಳೆ ಕಡಿಮೆಯಿರುವ ನೆಲದಲ್ಲಿ ಎಲ್ಲ ಕಡೆ ಸಮವಾಗಿ ಇಂಗಿದರೆ ಯಾರಿಗೂ ಸಾಲದು. ಒಂದು ಗೇಣು ಬಿಟ್ಟುಕೊಟ್ಟು ಇನ್ನೊಂದು ಗೇಣಿಗೆ ಎರಡು ಪಾಲು ಸಿಗುವಂತೆ ನೆಲವೇ ಮಾಡಿಕೊಂಡ ನೀರಾವರಿ ಅದು. ಉತ್ತರೆ, ಸಸಿಗೆಂದು ಟ್ರೆಂಚ್ ತೋಡಿದರೆ ಈ ಲೆಕ್ಕ ಕೆಡುತ್ತದೆ, ಹುಲ್ಲು ಒಣಗುತ್ತದೆ, ಬಿಡಿಮಣ್ಣು ಮೊದಲ ಮಳೆಗೇ ಕೆರೆಯ ಹೂಳಾಗುತ್ತದೆ.

ಹಾಗೆಂದು ದನವನ್ನೂ ಬಿಡಬೇಡಿ, ಬೇಲಿ ಹಾಕಿ ಎಂದು ನಾನು ಹೇಳುತ್ತೇನೆಂದು ಭಾವಿಸಬೇಡಿ. ಇಂಗ್ಲೆಂಡಿನ ಪೂರ್ವಭಾಗದ ಬ್ರೆಕ್‌ಲ್ಯಾಂಡ್ ಎಂಬ ಮರಳುಸೀಮೆಯ ಕಥೆಯನ್ನು ಹೇಳಲೇಬೇಕು. ಆ ದೇಶದ ಮಟ್ಟಿಗೆ ಒಣನೆಲ, ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ನಿಮ್ಮ ಕಡೆಯ ಒಣ ತಾಲ್ಲೂಕುಗಳಲ್ಲಿ ಬೀಳುವಷ್ಟೇ. ಬಿಸಿಲು ಮಾತ್ರ ನಮ್ಮದಲ್ಲ. ಮಧ್ಯಯುಗದಿಂದ ಅಲ್ಲಿ ಮಾಂಸಕ್ಕೂ ತುಪ್ಪಳಕ್ಕೂ ಮೊಲ ಸಾಕುತ್ತಿದ್ದರು. ಮೊಲಗಳು ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿದ್ದರಿಂದ ನಡುವೆ ಕ್ಲಾಡೋನಿಯಾ ಲೈಕೆನ್‌ಗಳ ಬೂದು ಹಾಸು ಹರಡಿತ್ತು. ಅಲೆಕ್ಸ್ ವ್ಯಾಟ್ ಎಂಬ ಸಸ್ಯವಿಜ್ಞಾನಿ 1930ರ ದಶಕದಲ್ಲಿ ಮೊಲ ಬಾರದಂತೆ ಬೇಲಿ ಹಾಕಿಸಿ, ಹುಲ್ಲು ಮತ್ತು ಲೈಕೆನ್ ಒಂದನ್ನೊಂದು ಹೇಗೆ ಒತ್ತರಿಸುತ್ತವೆ ಎಂದು ದಶಕಗಳ ಕಾಲ ಅದೇ ಜಾಗಗಳಲ್ಲಿ ಕೂತು ಬರೆದಿಟ್ಟರು. ಅಂಥ ತಾಳ್ಮೆ ನನಗಂತೂ ಬರಲಿಲ್ಲ. 1953ರಲ್ಲಿ ಮಿಕ್ಸೊಮಟೋಸಿಸ್ ರೋಗ ಬ್ರಿಟನ್ನಿಗೆ ಬಂದು ಎರಡು ಮೂರು ವರ್ಷಗಳಲ್ಲಿ ಮೊಲಗಳನ್ನು ಹೆಚ್ಚುಕಡಿಮೆ ಗುಡಿಸಿಹಾಕಿತು. ವ್ಯಾಟ್ ಬೇಲಿಯೊಳಗೆ ಕಂಡದ್ದು ಆಗ ಬೇಲಿಯ ಹೊರಗೂ ಆಯಿತು. ಹುಲ್ಲು ಎದ್ದಿತು, ಮುದಿಯಿತು, ಮಗುಚಿ ಬಿದ್ದಿತು, ಲೈಕೆನ್ ಅದರಡಿ ಕತ್ತಲಲ್ಲಿ ಉಸಿರುಗಟ್ಟಿತು. ಅದಕ್ಕೂ ಮೊದಲೇ, 1922ರಿಂದ, ಅಲ್ಲಿನ ಅರಣ್ಯ ಆಯೋಗ ಆ ಬಯಲಿನ ದೊಡ್ಡ ಭಾಗಕ್ಕೆ ಪೈನ್ ನೆಟ್ಟು ಥೆಟ್‌ಫರ್ಡ್ ಕಾಡನ್ನು ಎಬ್ಬಿಸಿತ್ತು. ಇಂದು ಅಳಿದುಳಿದ ತುಂಡುಬಯಲನ್ನು ಕಾಯಲು ಅದೇ ದೇಶ ಕುರಿ ಬಿಟ್ಟು ಮೇಯಿಸುತ್ತದೆ, ಅಲ್ಲಲ್ಲಿ ಮೊಲಗಳನ್ನೇ ಕರೆದು ಕೂರಿಸುತ್ತದೆ.

ನಿಮ್ಮ ಗೋಮಾಳದಲ್ಲೂ ದನ ಮೇಯಬೇಕು. ಎಷ್ಟು, ಯಾವಾಗ ಎಂಬುದೇ ಪ್ರಶ್ನೆ. ಒಣ ಹಕ್ಕಳೆ ಹಪ್ಪಳದಂತೆ, ಗೊರಸಿನಡಿ ಪುಡಿಯಾಗುತ್ತದೆ. ನೆನೆದ ಹಕ್ಕಳೆ ಮರಳು ನೆಲದಲ್ಲಿ ಬಾಗುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಬಂಡೆಯಂಚಿನ ತೆಳುಮಣ್ಣಿನ ಪಟ್ಟಿಯ ಮೇಲೆ ಮಂದೆ ನಿಲ್ಲಿಸಬೇಡಿ, ರಾತ್ರಿ ದೊಡ್ಡಿ ಹಾಕಬೇಡಿ. ಮಳೆಗಾಲದ ನಂತರ ಹುಲ್ಲಿನ ಕಡೆ ಧಾರಾಳವಾಗಿ ಬಿಡಿ. ಅಮೃತಮಹಲ್ ದನಗಳ ಮೇವಿಗೆಂದು ಮೀಸಲಿಟ್ಟ ಕಾವಲುಗಳು ಶತಮಾನಗಟ್ಟಲೆ ಉಳಿದದ್ದು ದನ ಬಾರದಂತೆ ಕಾದದ್ದರಿಂದಲ್ಲ, ಋತು ನೋಡಿ ಒಂದು ಕಾವಲಿನಿಂದ ಇನ್ನೊಂದಕ್ಕೆ ದನ ಹೊಡೆದದ್ದರಿಂದ. ಆಮೇಲೆ ಅವನ್ನು ಪಾಳು ಎಂದು ಕಾಗದದಲ್ಲಿ ಬರೆದು ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿದ್ದು ಬೇರೆ ಕಥೆ, ಚಳ್ಳಕೆರೆಯವರನ್ನು ಕೇಳಿ.

ಸಸಿ ನೆಡಲೇಬೇಕೆಂದಿದ್ದರೆ ಊರ ರಸ್ತೆ ಬದಿ ಇದೆ, ಕೆರೆ ಏರಿಯ ಹಿಂಭಾಗವಿದೆ, ಶಾಲೆಯ ಆವರಣವಿದೆ. ಹೊಂಗೆ, ಬೇವು, ಹುಣಸೆ ಹಾಕಿ. ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ಸರ್ಕಾರವೇ 2017ರಲ್ಲಿ ನಿಷೇಧಿಸಿದೆ. ನಿಮ್ಮ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಜಯಮಂಗಲಿ ಮೀಸಲು ಇದೆಯಲ್ಲ, ಸುಮಾರು 798 ಎಕರೆ. ಗೋಮಾಳ ಬರಡು ಎನ್ನುವವರನ್ನು ಒಂದು ಬೆಳಿಗ್ಗೆ ಅಲ್ಲಿಗೆ ಕರೆದೊಯ್ಯಿರಿ. ಜಿಂಕೆ ಹುಲ್ಲಿನಲ್ಲಿರುತ್ತದೋ ಅಲ್ಲಿನ ನೀಲಗಿರಿ ತೋಪಿನಲ್ಲಿರುತ್ತದೋ ಅವರೇ ನೋಡಲಿ.

ಕೊನೆಗೆ ಕಲ್ಲುಹೂವಿನ ವ್ಯಾಪಾರ. ಬಿಸಿಬೇಳೆಬಾತಿನ ಪುಡಿಗೆ ಬೀಳುವ ಕಲ್ಲುಹೂವು ಲೈಕೆನ್ನೇ ಹೌದು, ಆದರೆ ನಿಮ್ಮಲ್ಲಿರುವುದು ಅದಲ್ಲ. ಅಂಗಡಿಯದ್ದು ಮುಖ್ಯವಾಗಿ ಪಾರ್ಮೊಟ್ರೆಮಾ ಮತ್ತು ಅದರ ನೆಂಟರು: ಅಗಲ ಎಲೆಯ, ಮೇಲೆ ಬೂದು ಕೆಳಗೆ ಕಪ್ಪು ಬಣ್ಣದವು, ಹಿಮಾಲಯದ ತಪ್ಪಲು, ಪಶ್ಚಿಮಘಟ್ಟದಂಥ ತಂಪುಕಾಡಿನವು. ದೇವರಾಯನದುರ್ಗಕ್ಕೆ ಹೋದಾಗ ನಾಮದ ಚಿಲುಮೆಯಿಂದ ಮೇಲಕ್ಕೆ ಮರಗಳನ್ನು ನೋಡುತ್ತ ಹತ್ತಿ. ಕೆಳಗೆ ತೊಗಟೆಗೆ ಅಂಟಿದ ಬಣ್ಣವಾಗಿದ್ದದ್ದು ಸುಮಾರು 1,200 ಮೀಟರ್ ಎತ್ತರದ ನೆತ್ತಿಯ ಹತ್ತಿರ ಮಂಜು ತಾಗುವ ಕಡೆ ಎಲೆಯಾಗಿ ಅಂಚೆತ್ತಿರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿಯ ಜೊತೆಗೆ ಈ ಎಲೆಲೈಕೆನ್ ಅನ್ನೂ ಸಂಗ್ರಹಿಸಿ ತಮ್ಮ ಸಹಕಾರ ಸಂಘಗಳ ಮೂಲಕ ಮಾರುತ್ತಿದ್ದರು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ನಂತರ ಅದಕ್ಕೆ ತಡೆ ಬಿತ್ತು, 2011ರಲ್ಲಿ ಅವರ ಸಮುದಾಯ ಅರಣ್ಯ ಹಕ್ಕಿಗೆ ಮನ್ನಣೆ ಸಿಕ್ಕಿತು. ಅಲ್ಲಿನ ಲೆಕ್ಕವೇ ಬೇರೆ. ನಿಮ್ಮ ಜಾಲಿಯನ್ನು ದಿನವಿಡೀ ಕೆರೆದರೂ ಕೈಗೆ ಸಿಗುವುದು ಅರ್ಧ ತೊಗಟೆಪುಡಿ. ಯಾವ ಅಂಗಡಿಯವನೂ ಕೊಳ್ಳುವುದಿಲ್ಲ, ಕೊಂಡರೆ ಅವನ ಗಿರಾಕಿಗಳ ಹೊಟ್ಟೆಯ ಬಗ್ಗೆ ನನಗೆ ಚಿಂತೆ. ಅಡುಗೆಮನೆಯ ಕಲ್ಲುಹೂವಿನ ಎಲೆಯೊಂದನ್ನು ತೆಗೆದು ಮೇಲ್ಪದರ ಕೆರೆದು, ಒಳಗಿನ ಬಿಳಿಗೆ ಬಟ್ಟೆಗೆ ಹಾಕುವ ಬ್ಲೀಚ್‌ನ ಹನಿ ಮುಟ್ಟಿಸಿ. ಕೆಂಪೇರಿದರೆ ಅದರಲ್ಲಿ ಲೆಕನೋರಿಕ್ ಆಮ್ಲವಿದೆ, ಪಾರ್ಮೊಟ್ರೆಮಾ ಟಿಂಕ್ಟೋರಮ್ ಇರಬಹುದು. ಮಕ್ಕಳಿಗೆ ತೋರಿಸಿ, ಆ ಎಲೆಯನ್ನು ಮತ್ತೆ ಡಬ್ಬಕ್ಕೆ ಹಾಕಬೇಡಿ.

ಹೆಚ್ಚಾಗುತ್ತಿದೆಯೋ ಇಲ್ಲವೋ ಎಂಬ ಜಗಳ ಊರಲ್ಲಿ ಮುಂದುವರಿದರೆ ಒಂದು ದಾರಿ ಇದೆ. ಐದು ಮರ ಆರಿಸಿ. ಮೂರು ಚೆನ್ನಾಗಿರುವವು, ಎರಡು ಒಣಗುತ್ತಿರುವವು. ದೀಪಾವಳಿಯಾದ ವಾರ, ಮಳೆಯಿಲ್ಲದ ಮಧ್ಯಾಹ್ನ, ಒಂದೊಂದು ಮರದ ಒಂದೊಂದು ಕಲೆಯ ಪಕ್ಕ ಐದು ರೂಪಾಯಿ ನಾಣ್ಯ ಹಿಡಿದು ಮೊಬೈಲ್‌ನಲ್ಲಿ ಚಿತ್ರ ತೆಗೆಯಿರಿ. ಮುಂದಿನ ದೀಪಾವಳಿಗೆ ಮತ್ತೆ ತೆಗೆದು ಎರಡನ್ನೂ ನನಗೆ ಕಳಿಸಿ. ನಾಣ್ಯ ಮಾತ್ರ ಅದೇ ಇರಲಿ. ಐದು ರೂಪಾಯಿ ನಾಣ್ಯಗಳಲ್ಲೇ ಎರಡು ಮೂರು ಅಳತೆಗಳಿವೆ, ಲೈಕೆನ್ ಒಂದು ವರ್ಷದಲ್ಲಿ ಬೆಳೆಯುವುದಕ್ಕಿಂತ ಅವುಗಳ ನಡುವಿನ ವ್ಯತ್ಯಾಸವೇ ಹೆಚ್ಚಾದೀತು.